ಕಂಬಳಿಹುಳು ಮತ್ತು ದೊಡ್ಡ ಕೋಸ್ಟರು

ಎಂಟು ಅಂತಸ್ತಿನ ಎತ್ತರದ ರೋಲರ್ ಕೋಸ್ಟರೊಂದನ್ನು ಮಕ್ಕಳ ಕಂಬಳಿಹುಳು ರೈಲು ಬಳಸಿ ಉಳಿಸಿದವನು ನಾನು. ನಂಬಬೇಡಿ, ನನಗೇನೂ ಬೇಸರವಿಲ್ಲ. ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ಬಾಗಿಲ ಬಳಿ ನಿಂತು ಈ ಮಾತು ತೆಗೆದರೆ ದಿವಾ ಬರುವಷ್ಟರಲ್ಲಿ ಎಲ್ಲರೂ ನಗುತ್ತಾರೆ, ಮುಂಬ್ರಾದಲ್ಲಿ ಸುಮ್ಮನಾಗುತ್ತಾರೆ, ಠಾಣೆಯಲ್ಲಿ ಇಳಿಯಬೇಕಾದವರು ಇಳಿಯುವುದನ್ನೇ ಮರೆಯುತ್ತಾರೆ. ನೀವು ಎಲ್ಲಿಯವರೆಗೆ ನಗುತ್ತೀರೋ ನೋಡೋಣ.

ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಬರುವ ಜಾಗದಲ್ಲಿ ಕೆಲಸ ಮಾಡಿದರೆ ಇಂಥವು ದಿನಕ್ಕೊಂದು ನಡೆಯುತ್ತಲೇ ಇರುತ್ತವೆ. ನಾನಿದ್ದ ಪಾರ್ಕು ಕಲ್ಯಾಣದ ಹೊರಗೆ ಇತ್ತು. ಎಲ್ಲರ ಕೈಯಲ್ಲೂ ಗುಂಡಿ ಒತ್ತುವ ಮೊಬೈಲಿದ್ದ ಕಾಲ. ನಾನು ಇಂಡಿ ತಾಲೂಕಿನ ಹಳ್ಳಿಯಿಂದ ಬಂದವನು. ಬಂದದ್ದು ಬರಿಗೈಯಲ್ಲಿ, ಆದರೆ ಬಾಯಿ ತುಂಬಾ ಇತ್ತು.

೧. ಮರಳಿನ ಚೀಲ

ಪಾರ್ಕಿನ ಮ್ಯಾನೇಜರ್ ಉಡುಪಿ ಕಡೆಯವರು. ಮೊದಲು ವಾಶಿಯಲ್ಲಿ ಹೋಟೆಲು ನಡೆಸಿದವರಾದ್ದರಿಂದ ರೋಲರ್ ಕೋಸ್ಟರನ್ನೂ ಇಡ್ಲಿ ಪಾತ್ರೆಯ ಹಾಗೆಯೇ ನೋಡುತ್ತಿದ್ದರು. ಒಂದು ಒಬ್ಬೆ ಬೆಂದು ಇಳಿಯಬೇಕು, ಇನ್ನೊಂದು ಏರಬೇಕು, ನಡುವೆ ಉಗಿ ಹೋಗಬಾರದು.

ಸಂದರ್ಶನದಲ್ಲಿ ಯಾವ ಯಂತ್ರ ಗೊತ್ತು ಎಂದು ಕೇಳಿದರು. ಹನ್ನೆರಡನೇ ವಯಸ್ಸಿಗೇ ಟ್ರ್ಯಾಕ್ಟರ್ ಹಿಡಿದವನು, ಕಬ್ಬು ತುಂಬಿದ ಎರಡು ಟ್ರೇಲರನ್ನು ಮೇಕೆ ಹೋಗದ ಓಣಿಯಲ್ಲಿ ರಿವರ್ಸ್ ತೆಗೆದವನು ಎಂದೆ. ಎತ್ತರದ ಭಯ ಇದೆಯೋ ಎಂದರು. ಎತ್ತರಕ್ಕೆ ನನ್ನ ಭಯ ಇದ್ದರೆ ಅದರ ಹಣೆಬರಹ ಎಂದೆ. ನನಗೆ ಬೇಕಾಗಿದ್ದ ಕೆಲಸ ಒಂದೇ. ಕೋಸ್ಟರಿನ ಬುಡದಲ್ಲಿ ಗಾಜಿನ ಕೋಣೆ, ಒಳಗೆ ಎಸಿ, ಗುಂಡಿಗಳ ಫಲಕ, ಅದರ ಮುಂದೆ ತಿರುಗುವ ಕುರ್ಚಿ. ಆ ಕುರ್ಚಿಯಲ್ಲಿ ಕೂತವನು ಗುಂಡಿ ಒತ್ತಿದರೆ ಇಪ್ಪತ್ತನಾಲ್ಕು ಜನ ಒಟ್ಟಿಗೆ ದೇವರನ್ನು ನೆನೆಯಬೇಕು. ಇಂಥ ಕೆಲಸ ನಮ್ಮೂರಲ್ಲಿ ಪೂಜಾರಿಗೂ ಇಲ್ಲ.

ಆ ಕೋಸ್ಟರನ್ನು ದಿನಾ ಬೆಳಿಗ್ಗೆ ಮೊದಲು ಮರಳಿನ ಚೀಲ ಕೂರಿಸಿ ಓಡಿಸುವುದು ರೂಢಿ. ಆಮೇಲೆ ಸಿಬ್ಬಂದಿಯಲ್ಲಿ ಒಬ್ಬ ಕೂರಬೇಕು. ಅಂದು ಮ್ಯಾನೇಜರ್ ನನ್ನನ್ನೇ ಮುಂದಿನ ಸೀಟಿಗೆ ಕಟ್ಟಿಸಿದರು, ಹಿಂದೆಲ್ಲ ಚೀಲಗಳು. ತುದಿ ಮುಟ್ಟಿದಾಗ ಅಂಬರನಾಥದ ಕಾರ್ಖಾನೆಗಳ ಹೊಗೆ ಕಂಡಿತು. ಅದರ ನಂತರ ಏನೂ ಕಾಣಲಿಲ್ಲ, ಕಣ್ಣಿಗೆ ಧೂಳು ಹೋಗಬಾರದೆಂದು ಮುಚ್ಚಿಕೊಂಡಿದ್ದೆ.

ಇಳಿದ ಮೇಲೆ ಹೇಗಿತ್ತು ಎಂದರು. ನಮ್ಮ ಟ್ರ್ಯಾಕ್ಟರು ಇದಕ್ಕಿಂತ ಜೋರು ಎಂದೆ. ಹೇಳಿ ನಾಲ್ಕು ಹೆಜ್ಜೆ ನೆಟ್ಟಗೆ ನಡೆದೆ. ಐದನೆಯದು ಕ್ರೋಟನ್ ಗಿಡದ ಪಾತಿಗೆ ಬಿತ್ತು, ಉಳಿದ ಕಾರ್ಯ ಅಲ್ಲೇ ಮಂಡಿಯೂರಿ ಮುಗಿಸಿದೆ.

ಕೋಸ್ಟರಿನವರಿಗೆ ಕೆಂಪು ಅಂಗಿ, ಫ್ಯಾಮಿಲಿ ಆಟದವರಿಗೆ ಹಸಿರು. ನನಗೆ ಹಸಿರು ಕೊಟ್ಟು ಕಂಬಳಿಹುಳುವಿನ ಮುಂದೆ ನಿಲ್ಲಿಸಿದರು. ಮರಳಿನ ಚೀಲಗಳು ಇವನಿಗಿಂತ ಮರ್ಯಾದೆಯಿಂದ ಇಳಿದವು ಎಂದು ಕೆಂಪು ಅಂಗಿಯವರು ಕ್ಯಾಂಟೀನಿನಲ್ಲಿ ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ಇಳಿಯದೆ ಏನು? ಮರಳಿಗೆ ಯಾರೂ ಬೆಳಿಗ್ಗೆ ಮೂರು ವಡಾಪಾವ್ ತಿನ್ನಿಸಿರಲಿಲ್ಲ.

೨. ಎತ್ತರದ ಕೋಲು

ಕಂಬಳಿಹುಳು ಎಂದರೆ ಹಸಿರು ಬಣ್ಣದ, ನಗುವ ಮುಖದ ಪುಟ್ಟ ರೈಲು. ದೊಡ್ಡವರೂ ಕೂರಬಹುದು. ಹಳಿ ಎರಡು ಕಡೆ ತುಸು ಏರಿ ಇಳಿಯುತ್ತದೆ, ವೇಗ ನೀರು ಕುಡಿಯಲು ಹೊರಟ ಎಮ್ಮೆಯದು. ದೀಪಾವಳಿ ರಜೆ ಮುಗಿಯುವವರೆಗೆ ಇದನ್ನು ದೂರಿಲ್ಲದೆ ನಡೆಸಿದರೆ ಗಾಜಿನ ಕೋಣೆಯ ಕುರ್ಚಿಯ ಬಗ್ಗೆ ಯೋಚಿಸುವುದಾಗಿ ಮ್ಯಾನೇಜರ್ ಹೇಳಿದರು. ಅದೇ ಕುರ್ಚಿಗೆ ಇನ್ನೊಬ್ಬನೂ ಕಾದಿದ್ದ, ಅಂಬರನಾಥದವನು, ಐಟಿಐ ಕಲಿತು ಗಾಜಿನ ಕೋಣೆಯಲ್ಲೇ ಸಹಾಯಕನಾಗಿದ್ದವನು. ಅವನು ಮಾತೇ ಆಡುತ್ತಿರಲಿಲ್ಲ. ಅಂಥವನು ನನಗೆ ಯಾವ ಲೆಕ್ಕ? ನಾನು ಊರಿಗೆ ಫೋನು ಮಾಡಿ ಕುರ್ಚಿ ಸಿಕ್ಕಿತೆಂದೇ ಹೇಳಿಬಿಟ್ಟಿದ್ದೆ.

ಜನ ಹೆಚ್ಚಾದ ದಿನ ನನ್ನನ್ನು ಕೋಸ್ಟರಿನ ಬಾಗಿಲಿಗೂ ಕಳಿಸುತ್ತಿದ್ದರು, ಎತ್ತರ ಅಳೆಯುವ ಕೋಲು ಹಿಡಿಯಲು. ಒಂದು ಭಾನುವಾರ ಡೊಂಬಿವಲಿಯ ಕನ್ನಡದ ತಾಯಿಯೊಬ್ಬರು ಮಗನನ್ನು ತಂದು ನಿಲ್ಲಿಸಿದರು. ಹುಡುಗನ ತಲೆ ಗೆರೆಗಿಂತ ಎರಡು ಬೆರಳು ಕೆಳಗೆ. ತಾಯಿ ಬಿಡಲಿಲ್ಲ. ಹನ್ನೊಂದು ತುಂಬಿದೆ, ಅವರಪ್ಪನ ಮನೆಯವರೆಲ್ಲ ಹೀಗೇ ಗಿಡ್ಡ, ಅದಕ್ಕೆ ನಾನೇನು ಮಾಡಲಿ ಎಂದರು. ಅಪ್ಪನೂ ಪಕ್ಕದಲ್ಲೇ ಇದ್ದರು, ಆಕಾಶ ನೋಡುತ್ತಿದ್ದರು.

ಅಷ್ಟರಲ್ಲಿ ಹುಡುಗನ ಕೈಯಲ್ಲಿದ್ದ ಟಿಕೆಟ್ಟು ಕಣ್ಣಿಗೆ ಬಿತ್ತು. ಐದು ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ ಕೊಡುವ ಹಳದಿ ಚೀಟಿ. ನಾನು ಬಗ್ಗಿ, ನಿಜವಾಗಿ ನಿನಗೆ ಎಷ್ಟು ವರ್ಷವೋ ರಾಜಾ ಎಂದು ಕನ್ನಡದಲ್ಲೇ ಕೇಳಿದೆ. ಅವನಿಗೆ ಅರ್ಥವಾಯಿತು. ಆ ಕಡೆಯ ಮಕ್ಕಳಂತೆ ಹಿಂದಿಯಲ್ಲೇ ಉತ್ತರಿಸಿದ. ಅಮ್ಮನ ಮುಖ ಒಮ್ಮೆ ನೋಡಿ, ಬಹಳ ಜವಾಬ್ದಾರಿಯಿಂದ ನನ್ನನ್ನೇ ಕೇಳಿದ:

"ಅಂಕಲ್, ಕೌನ್‌ಸೇ ಝೂಲೇ ಕೇ ಲಿಯೇ?" ಯಾವ ಆಟದ ಲೆಕ್ಕಕ್ಕೆ ವಯಸ್ಸು ಹೇಳಲಿ, ಅಂತ.

೩. ಒಂದರಿಂದ ಹತ್ತರಲ್ಲಿ ಎಷ್ಟು

ದೀಪಾವಳಿಗೆ ತಿಂಗಳಿರುವಾಗ ಪಾರ್ಕಿನ ಮಾಲೀಕರು ಒಬ್ಬ ಪ್ಲಾನರನ್ನು ಕರೆಸಿದರು. ಬೆಂಗಳೂರಿನವರು, ನವಿ ಮುಂಬೈಯಲ್ಲಿ ಫ್ಲ್ಯಾಟು, ಹೆಗಲಲ್ಲಿ ಲ್ಯಾಪ್‌ಟಾಪು. ಪಾರ್ಕಿನ ನಕಾಶೆ ಹರಡಿ ಥ್ರಿಲ್ ಆಟಕ್ಕೆ ಕೆಂಪು ಚುಕ್ಕೆ, ಫ್ಯಾಮಿಲಿ ಆಟಕ್ಕೆ ಹಸಿರು ಚುಕ್ಕೆ ಅಂಟಿಸಿದರು. ಎರಡರ ನಡುವೆ ಬ್ಯಾಲೆನ್ಸ್ ಬೇಕು ಎನ್ನುವುದು ಅವರ ಪಾಠ. ತೊಂದರೆಯೂ ನಿಜವೇ. ಕಂಬಳಿಹುಳುವಿಗೆ ಸಾಲು ಹಾವಿನಂತೆ ಸುತ್ತಿದ್ದರೆ, ಕೋಟಿಗಟ್ಟಲೆ ಸುರಿದು ತಂದ ಕೋಸ್ಟರು ಇಪ್ಪತ್ತನಾಲ್ಕು ಸೀಟಿನಲ್ಲಿ ಆರು ಜನರನ್ನು ಹೊತ್ತು ಓಡುತ್ತಿತ್ತು.

ಪ್ಲಾನರು ಒಂದು ಫಾರಂ ಮಾಡಿದರು. ಬಂದವರೆಲ್ಲ ತಮಗೆ ಬೇಕಾದ ಥ್ರಿಲ್ ಎಷ್ಟೆಂದು ಒಂದರಿಂದ ಹತ್ತರೊಳಗೆ ಹೇಳಬೇಕು. ಬರೆದುಕೊಳ್ಳಲು ನನ್ನನ್ನು ಜೊತೆಗೆ ಕರೆದುಕೊಂಡರು, ಏಕೆಂದರೆ ನನ್ನ ಅಕ್ಷರ ಮುತ್ತು.

ಠಾಣೆಯಿಂದ ಬಂದಿದ್ದ ಯಜಮಾನರೊಬ್ಬರು, ಹಿಂದೆ ಹೆಂಡತಿ, ಅತ್ತೆ, ಮೂರು ಮಕ್ಕಳು, ಟಿಫಿನ್ ಚೀಲ. ಪ್ಲಾನರು ಪ್ರಶ್ನೆ ಓದಿದರು. ಯಜಮಾನರು ಬೆವರು ಒರೆಸಿಕೊಂಡು ಹೇಳಿದರು:

"ಸ್ವಾಮೀ, ಮಾಜಿವಾಡಾದಲ್ಲಿ ಆರು ಜನ ಕೈಕೈ ಹಿಡಕೊಂಡು ಹೈವೇ ದಾಟಿ ಬಂದಿದ್ದೇವೆ. ಹತ್ತಕ್ಕೆ ಹತ್ತೂ ಅಲ್ಲೇ ಆಯ್ತು. ಇಲ್ಲಿ ಎಲ್ಲಾದರೂ ಕೂತ್ಕೊಳ್ಳೋಕೆ ಜಾಗ ಇದೆಯಾ?"

ನಾನು ಹಾಗೆಯೇ ಬರೆದುಕೊಂಡೆ. ಪ್ಲಾನರು ರಾತ್ರಿಯಿಡೀ ಅದರ ಮೇಲೆ ಚಿಂತನೆ ನಡೆಸಿ ಮರುದಿನ ತೀರ್ಮಾನ ಹೇಳಿದರು. ಠಾಣೆಯವರಿಗೆ ಇರುವ ಕೋಸ್ಟರಿನ ಥ್ರಿಲ್ ಸಾಲುತ್ತಿಲ್ಲ. ಆದ್ದರಿಂದ ಕಂಬಳಿಹುಳುವನ್ನು ಕಿತ್ತು ಆ ಜಾಗದಲ್ಲಿ ಇನ್ನೊಂದು ಕೋಸ್ಟರನ್ನು, ಈಗಿನದರ ಎರಡರಷ್ಟು ಎತ್ತರದ್ದನ್ನು, ಹಾಕಬೇಕು.

೪. ಎಲ್ಲರ ಸಾಮಾನು ಹಿಡಿದ ಅತ್ತೆ

ಈಗ ನನ್ನ ಬುಡಕ್ಕೇ ಬಂತು. ಕಂಬಳಿಹುಳು ಹೋದರೆ ಹಸಿರು ಅಂಗಿ ಹೋಯಿತು, ಕೆಂಪು ಇನ್ನೂ ಬಂದಿಲ್ಲ. ದೀಪಾವಳಿ ರಜೆ ನೋಡಿ ನಿರ್ಧರಿಸುವುದಾಗಿ ಮಾಲೀಕರು ಹೇಳಿದ್ದರು. ಎರಡರಲ್ಲಿ ಒಂದು ಅಂಗಿಯೂ ಇಲ್ಲದೆ ಊರಿಗೆ ಹೋಗಲು ನನಗೆ ಮುಖವಿರಲಿಲ್ಲ.

ರಜೆಯ ಮೊದಲ ದಿನವೇ ಕಲ್ಯಾಣದಿಂದ ಒಂದು ಕೂಡುಕುಟುಂಬ ಬಂತು. ಎಲ್ಲರೂ ಕೋಸ್ಟರ್ ಹತ್ತಲು ಹೊರಟರು, ಒಬ್ಬ ಅತ್ತೆಯನ್ನು ಬಿಟ್ಟು. ಅತ್ತೆಯ ಕೈಗೆ ಚಪ್ಪಲಿ ಬಂತು, ಮೊಬೈಲು, ಕನ್ನಡಕ, ವ್ಯಾನಿಟಿ ಬ್ಯಾಗು, ಸೊಸೆಯ ಬಳೆ ಬಂತು. ಕೊನೆಗೆ ಅಜ್ಜ ತಿರುಗಿ ಬಂದು ಹಲ್ಲಿನ ಸೆಟ್ಟು ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಅದನ್ನೂ ಕೊಟ್ಟು ಹೋದರು.

ಅತ್ತೆ ಬಿಸಿಲಲ್ಲಿ ಐದು ನಿಮಿಷ ನಿಂತರು. ಆಮೇಲೆ ಶುರುವಾಯಿತು. ಸಾಲಿನಲ್ಲಿ ನಿಂತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಕಾಲು ನೋಯುತ್ತಿದೆ, ಸಾಕು ಬನ್ನಿ, ಊಟ ಆರುತ್ತಿದೆ ಎಂದರು. ಒಬ್ಬರ ಹಿಂದೆ ಒಬ್ಬರು ಸಾಲು ಬಿಟ್ಟು ಬಂದರು. ಆಗ ನನಗೆ ಹೊಳೆಯಿತು, ಪ್ಲಾನರಿಗೆ ಲ್ಯಾಪ್‌ಟಾಪಿನಲ್ಲಿ ಕಾಣದ್ದು. ನಮ್ಮ ಜನ ಯಾವ ಆಟ ಹತ್ತಬೇಕೆಂದು ಹತ್ತುವವರು ತೀರ್ಮಾನಿಸುವುದಿಲ್ಲ. ಚಪ್ಪಲಿ ಹಿಡಿದವರು ತೀರ್ಮಾನಿಸುತ್ತಾರೆ.

ಸಾಮಾನು ಒಯ್ಯಬಾರದು ಎಂಬ ಫಲಕಕ್ಕೆ ನನ್ನ ಟೋಪಿ ತೂಗುಹಾಕಿ, ಅತ್ತೆಯನ್ನು ಗಂಟುಮೂಟೆ ಸಮೇತ ಕಂಬಳಿಹುಳುವಿನಲ್ಲಿ ಕೂರಿಸಿದೆ. ಮೇಲೆ ನೆರಳಿತ್ತು, ಮುಖಕ್ಕೆ ಗಾಳಿ ಬಂತು. ಅವರು ಎರಡನೇ ಸುತ್ತಿಗೆ ಮನೆಯವರನ್ನು ಕರೆಯುವುದು ನಿಲ್ಲಿಸಿದರು, ಬಂದವರು ಮತ್ತೆ ಸಾಲಿಗೆ ಓಡಿದರು. ಮೂರನೇ ಸುತ್ತಿಗೆ ನಿದ್ದೆ ಹೋದರು. ಅದನ್ನು ಕಂಡು ಬೇರೆ ಕುಟುಂಬಗಳ ಅತ್ತೆಯರೂ ಬಂದರು. ಸಂಜೆಗೆ ನನ್ನ ರೈಲಿನಲ್ಲಿ ಮಕ್ಕಳಿಗಿಂತ ಚಪ್ಪಲಿ ಹೆಚ್ಚು, ಆ ಕಡೆ ಕೋಸ್ಟರಿನ ಇಪ್ಪತ್ತನಾಲ್ಕೂ ಸೀಟು ಭರ್ತಿ.

ನಾಲ್ಕು ದಿನ ಹೀಗೇ ನಡೆಯಿತು. ಬಂದದ್ದು ಒಂದೇ ದೂರು, ಆ ಅಜ್ಜನದು. ಕೋಸ್ಟರ್ ಇಳಿದು ನೇರ ನನ್ನ ಬಳಿ ಬಂದು ಬಹಳ ಹೊತ್ತು ಬೈದರು. ಹಲ್ಲು ಇನ್ನೂ ರೈಲಿನಲ್ಲಿ ಸುತ್ತುತ್ತಿತ್ತು, ಹಾಗಾಗಿ ಏನು ಬೈದರೆಂದು ಇಂದಿಗೂ ನನಗೆ ಗೊತ್ತಿಲ್ಲ.

೫. ಅವ್ವ ಬಂದದ್ದು

ಐದನೇ ದಿನ ಮಾಲೀಕರೇ ಬಂದರು. ಒಂದು ಕಡೆ ಪ್ಲಾನರು, ಇನ್ನೊಂದು ಕಡೆ ಮ್ಯಾನೇಜರು, ಕೋಸ್ಟರಿನ ಬುಡದಲ್ಲಿ ನಿಂತು ತುಂಬಿದ ಸಾಲು ನೋಡುತ್ತಿದ್ದರು. ನನ್ನನ್ನು ಕರೆಸಿದರು. ನಾನು ಅತ್ತೆಯರ ಸಿದ್ಧಾಂತವನ್ನು ಎದೆಯುಬ್ಬಿಸಿ ವಿವರಿಸಿದೆ. ಪ್ಲಾನರು ನಕಾಶೆ ಮಡಿಸಿಕೊಂಡರು. ಮಾಲೀಕರು ನಕ್ಕು, ನಿನಗೇನು ಬೇಕು ಹೇಳು ಎಂದರು. ನಾನು ಗಾಜಿನ ಕೋಣೆಯ ಕಡೆ ಕೈ ತೋರಿಸಿದೆ. ಮ್ಯಾನೇಜರೂ ತಲೆಯಾಡಿಸಿದರು. ಅಂಬರನಾಥದವನು ಒಳಗಿನಿಂದ ನೋಡುತ್ತಿದ್ದ. ಎಲ್ಲ ಮುಗಿದಂತೆಯೇ ಇತ್ತು, ಒಂದು ಸಹಿ ಬೀಳುವುದಷ್ಟೇ ಬಾಕಿ.

ಅದೇ ಹೊತ್ತಿಗೆ ಗೇಟಿನಿಂದ ಹಸಿರು ಇಳಕಲ್ ಸೀರೆಯೊಂದು ನೇರ ನಮ್ಮ ಕಡೆ ಬರತೊಡಗಿತು. ಅವ್ವ. ದೀಪಾವಳಿಗೆಂದು ಕಲ್ಯಾಣದ ನಮ್ಮ ಮಾವನ ಮನೆಗೆ ಬಂದವಳು, ನನಗೆ ಹೇಳದೆ, ಮಗ ನಡೆಸುವ ದೊಡ್ಡ ಯಂತ್ರ ನೋಡಲು ಹೊರಟಿದ್ದಳು.

ಅವಳು ಮೊದಲು ಕೋಸ್ಟರನ್ನು ಬುಡದಿಂದ ತುದಿವರೆಗೆ ನೋಡಿದಳು. ಆಗಲೇ ಒಂದು ಒಬ್ಬೆ ಜನ ಹೊತ್ತ ಕೋಸ್ಟರು ತುದಿಯಿಂದ ಕೆಳಗೆ ಧುಮುಕಿತು, ಇಪ್ಪತ್ತನಾಲ್ಕು ಜನ ಕಿರುಚಿದರು. ಅವ್ವನ ಸೆರಗು ಬಾಯಿಗೆ ಹೋಯಿತು. ನಾನು ಮುಂದೆ ಹೋಗಿ ತಡೆಯಬೇಕೆನ್ನುವಷ್ಟರಲ್ಲಿ, ಅಂಗಿ ಇಸ್ತ್ರಿಯಾಗಿದ್ದವರೇ ಸಾಹೇಬರೆಂದು ಗುರುತಿಸಿ, ಮ್ಯಾನೇಜರ ಮುಂದೆ ಕೈ ಮುಗಿದು ನಿಂತಳು.

"ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ, ಇದನ್ನ ನನ್ನ ಮಗನ ಕೈಯಾಗ ಕೊಡಬ್ಯಾಡ್ರಿ. ಇಂವಾ ಮಾಳಿಗಿ ಹತ್ತಿದ್ರ ಇಳಿಸಾಕ ಮೂರು ಮಂದಿ ಬೇಕ್ರಿ. ಹಿಂದಿನ ಸಂಕ್ರಾಂತಿಗಿ ಏಣಿ ಮ್ಯಾಲ ಕುಂತು ಅತ್ತಾನ್ರಿ, ಇಷ್ಟು ದೊಡ್ಡಾಂವ."

ನಾನು ಅದು ಬೇರೆ ಮಗನ ಕಥೆ ಎಂದೆ. ಅವ್ವ, ನನಗಿರೋದು ಒಬ್ಬನೇ ಎಂದಳು.

ಗುಂಡಿ ಒತ್ತುವವನು ಕೆಳಗೇ ಕೂರುತ್ತಾನೆ ತಾಯಿ, ಮೇಲೆ ಹೋಗಬೇಕಾಗಿಲ್ಲ ಎಂದು ಮಾಲೀಕರು, ಮ್ಯಾನೇಜರಿಂದ ಅರ್ಥ ಕೇಳಿಕೊಂಡು, ಮರಾಠಿ ಬೆರೆತ ಹಿಂದಿಯಲ್ಲಿ ಸಮಾಧಾನ ಹೇಳಿದರು. ಅವ್ವ ಒಪ್ಪಲಿಲ್ಲ. ಮಂದಿ ಮೇಲಿನಿಂದ ಕಿರುಚಿದರೆ ಇವನು ಕೆಳಗೆ ಕೂತೇ ಹೆದರಿ ಯಂತ್ರ ನಿಲ್ಲಿಸುತ್ತಾನೆ, ಆಮೇಲೆ ಅಷ್ಟು ಮಂದಿಯನ್ನು ಇಳಿಸುವವರು ಯಾರು ಎಂದು ಕೇಳಿದಳು. ಪಾರ್ಕಿಗೆ ಬಂದ ಯಾವ ಇಂಜಿನಿಯರೂ ಅಂಥ ಪ್ರಶ್ನೆ ಕೇಳಿರಲಿಲ್ಲ. ಮಾಲೀಕರು ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ಕ್ರೋಟನ್ ಪಾತಿಯ ಕಡೆ ನೋಡಿದರು.

"ಎಂತ ಮಾಡುವುದು ಮಾರಾಯ," ಎಂದರು ನನಗೆ, "ಹೆತ್ತವರೇ ದೂರು ಕೊಟ್ಟ ಮೇಲೆ ನಾನು ಬರೆದುಕೊಳ್ಳದೆ ಬಿಡಲಿಕ್ಕೆ ಆಗ್ತದಾ?"

ಅವ್ವ ಆಮೇಲೆ ಕಂಬಳಿಹುಳುವಿನಲ್ಲಿ ಏಳು ಸುತ್ತು ಕೂತಳು. ಇಳಿದು, ಇದು ಚಲೋ ಐತಿ, ಇದರಾಗ ಇರು ಎಂದು ನನ್ನ ತಲೆ ಸವರಿದಳು, ಕೆಂಪು ಅಂಗಿಯ ಹುಡುಗರೆಲ್ಲ ನೋಡುತ್ತಿರುವಾಗಲೇ.

ಇನ್ನೊಂದು ಕೋಸ್ಟರು ಬರಲಿಲ್ಲ. ಕಂಬಳಿಹುಳುವನ್ನು ಕೀಳಲಿಲ್ಲ, ಅದರ ಹಳಿಯನ್ನು ಕೋಸ್ಟರಿನ ಬುಡದ ಸುತ್ತ ಬೆಳೆಸಿದರು, ಅತ್ತೆಯರಿಗೆ ಕೂತಲ್ಲಿಂದಲೇ ಮನೆಯವರು ಕಿರುಚುವುದು ಕಾಣಲೆಂದು. ನಕಾಶೆಯಲ್ಲಿ ಅದು ಪ್ಲಾನರ ಐಡಿಯಾ ಎಂದು ಬರೆದಿದೆ, ಇರಲಿ. ಗಾಜಿನ ಕೋಣೆಯ ಕುರ್ಚಿ ಅಂಬರನಾಥದವನಿಗೆ ಹೋಯಿತು.

ನನಗೆ ಕಂಬಳಿಹುಳುವಿನ ಕೆಲಸವನ್ನು ಕಾಯಂ ಮಾಡಿ ಕಾಗದ ಕೊಟ್ಟರು. ಜೊತೆಗೆ ಠಾಣೆಯ ಯಜಮಾನರಂಥವರು ಕೂರಲೆಂದು ಹಾಕಿಸಿದ ಆರು ಸಿಮೆಂಟು ಬೆಂಚು ಕೊಟ್ಟರು, ದಿನಾ ಬೆಳಿಗ್ಗೆ ಒರೆಸಲು.