ಅಪ್ಪಾಸಾಹೇಬರ ಸಕ್ಕರೆಗೆ ಯಂತ್ರ ಕೊಟ್ಟ ಕಾರಣ

ಭೋಸರಿಯ ಕಾರ್ಮಿಕ ಆರೋಗ್ಯ ಮಂಡಳಿಯ ಯಂತ್ರ ಈವರೆಗೆ ಒಂದೂ ತಪ್ಪು ಮಾಡಿಲ್ಲ. ಮಂಡಳಿಯ ಒಂಬತ್ತನೇ ನಿಯಮದಲ್ಲಿ ಹಾಗೆಂದು ಬರೆದಿದೆ.

ಯಂತ್ರ ರಕ್ತ ನೋಡುತ್ತದೆ. ಉಂಡ ಅನ್ನ ಮೈಯೊಳಗೆ ಏನೇನಾಯಿತು ಎಂದು ತಿಳಿಸುವ ಇನ್ನೂರ ಹನ್ನೆರಡು ಪದಾರ್ಥಗಳನ್ನು ಅಳೆಯುತ್ತದೆ. ರೋಗದ ಹೆಸರು ಹೇಳುತ್ತದೆ. ಇಷ್ಟನ್ನು ಬೇರೆ ಯಂತ್ರಗಳೂ ಮಾಡುತ್ತವೆ. ಇದು ಕಾರಣವನ್ನೂ ಹೇಳುತ್ತದೆ. ಯಾವ ಕಾರಣಕ್ಕೆ ಎಷ್ಟು ತೂಕ ಎಂದು ಬಣ್ಣದ ಗೆರೆ ಎಳೆದು ತೋರಿಸುತ್ತದೆ. ಕಾರಣ ಕೊಟ್ಟ ಮೇಲೆ ತಪ್ಪಾಗಲು ಸಾಧ್ಯವಿಲ್ಲ ಎಂಬುದು ಮಂಡಳಿಯ ನಿಲುವು.

ಅಪ್ಪಾಸಾಹೇಬ ಜಮಖಂಡಿ ಕಡೆಯವರು. ಮರಾಠಿ ಸೀಮೆಯ ಈ ಭೋಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕಬ್ಬಿಣ ಕಾಯಿಸುವ ಭಟ್ಟಿಯ ಮುಂದೆ ನಿಂತವರು. ಬೇರೆ ಕೆಲಸ ಬಾರದು. ಬೇಕಾಗಿಯೂ ಇಲ್ಲ. ಭಟ್ಟಿಯ ಮುಂದೆ ನಿಲ್ಲುವವರಿಗೆ ಮಂಡಳಿಯ ಪ್ರಮಾಣಪತ್ರ ಬೇಕೆಂದು ಆದೇಶ ಬಂತು. ಹೋದರು.

ರಕ್ತ ತೆಗೆದವಳು ಸ್ನೇಹಲ್. ಮರಾಠಿ ಹುಡುಗಿ, ಕೆಲಸದಲ್ಲಿ ಚುರುಕು. ರೋಗಿ ತಾನಾಗಿ ಏನು ಹೇಳಿದರೂ ಬರೆದುಕೊಳ್ಳಬೇಕೆಂಬುದು ನಿಯಮ. ಸೂಜಿ ಹೊಕ್ಕಿತು. ಅಪ್ಪಾಸಾಹೇಬ ಮುಖ ಆಚೆ ತಿರುಗಿಸಿ, “ಸಾಕ್ರಿ! ಸಾಕ್ರಿ!” ಎಂದರು.

ಸ್ನೇಹಲ್ ಬರೆದುಕೊಂಡಳು: ‘ಸಾಖರ, ಎರಡು ಸಲ.’ ಮರಾಠಿಯಲ್ಲಿ ಸಾಖರ ಎಂದರೆ ಸಕ್ಕರೆ.

ವರದಿ ಬಂತು. ರೋಗ: ಸಕ್ಕರೆ ಕಾಯಿಲೆ. ಕಾರಣ: ರೋಗಿಯ ಸ್ವಂತ ಹೇಳಿಕೆ, ನೂರಕ್ಕೆ ತೊಂಬತ್ತೊಂದು. ರಕ್ತ, ನೂರಕ್ಕೆ ಒಂಬತ್ತು. ಷರಾ: ರೋಗ ಇಲ್ಲವೆಂದು ರಕ್ತ ಹೇಳುತ್ತಿದೆ, ಅದರ ಭಿನ್ನಾಭಿಪ್ರಾಯವನ್ನು ದಾಖಲಿಸಲಾಗಿದೆ.

ಮರುದಿನ ಫೋರ್‌ಮನ್ ಜಗದಾಳೆ ಅಪ್ಪಾಸಾಹೇಬರನ್ನು ಭಟ್ಟಿಯಿಂದ ತೆಗೆದು ಗೇಟಿನಲ್ಲಿ ಕೂರಿಸಿದರು. ಬಂದವರ ಹೆಲ್ಮೆಟ್ ಕಾಯುವ ಕೆಲಸ. ಅಪ್ಪಾಸಾಹೇಬ ಮೂರು ದಿನ ಕಾಯ್ದರು. ನಾಲ್ಕನೇ ದಿನ ಯಂತ್ರದ ಆಫೀಸು ಹುಡುಕಿಕೊಂಡು ವಿಮಾನ ನಗರಕ್ಕೆ ಹೋದರು. ಅಲ್ಲಿ ಯಂತ್ರದ ಉಸ್ತುವಾರಿ ಅಶ್ವಿನ್‌ನದು. ಮೈಸೂರಿನ ಹುಡುಗ.

“ನನಗ ಸಕ್ರಿ ಬ್ಯಾನಿ ಇಲ್ಲೋ ತಮ್ಮಾ. ಸಾಕ್ರಿ ಅಂದೆ. ರಕ್ತ ತಗದದ್ದು ಸಾಕು ಅಂತ.”

“ಗೊತ್ತಾಯ್ತು ಸಾರ್. ನಾನೂ ಕನ್ನಡದವನೇ.”

“ಮತ್ತ ತಿದ್ದು.”

“ನಂಗೆ ಗೊತ್ತಾದ್ರೆ ಪ್ರಯೋಜನ ಇಲ್ಲ ಸಾರ್. ಕಾರಣ ಕೊಡೋದು ಮಷೀನು. ನಾನು ಕೊಟ್ರೆ ಅದು ಸಬೂಬು ಆಗುತ್ತೆ.”

“ನಿನ್ನ ಮಷೀನಿಗೆ ಕನ್ನಡ ಬರೂದಿಲ್ಲೇನು?”

“ಮುಂದಿನ ವರ್ಷ ಬರುತ್ತೆ ಸಾರ್. ಈಗ ಇನ್ನೊಂದ್ಸಲ ಟೆಸ್ಟ್ ಮಾಡಿಸಿ.”

ಮಾಡಿಸಿದರು. ಕೆಂಡಕ್ಕೆ ಹೆದರದವರು ಸೂಜಿಗೆ ಹೆದರುವುದುಂಟು. “ಯವ್ವಾ! ಸಾಕ್ರಿ! ಸಾಕ್ರಿ ಅಂದ್ನಲ್ರಿ!” ಎಂದರು. ಯವ್ವ ಎಂದರೆ ತಾಯಿ ಎಂಬಷ್ಟು ಸ್ನೇಹಲ್‌ಗೆ ಗೊತ್ತಿತ್ತು. ಅದನ್ನೂ ಬರೆದಳು. ರೋಗ ತಾಯಿಯ ಕಡೆಯಿಂದ ಬಂದದ್ದು ಎಂದು ಯಂತ್ರ ಕಂಡುಹಿಡಿಯಿತು.

ಮಂಡಳಿ ಸುಮ್ಮನೆ ಕೂರಲಿಲ್ಲ. ಚಿಕಿತ್ಸಾ ಆದೇಶ ಹೊರಡಿಸಿತು: “ರೋಗದ ಮುಖ್ಯ ಕಾರಣ ರೋಗಿಯ ಹೇಳಿಕೆಯಾಗಿರುವುದರಿಂದ, ಸದರಿ ಹೇಳಿಕೆಗೇ ಚಿಕಿತ್ಸೆ ನೀಡತಕ್ಕದ್ದು. ರೋಗಿಯು ‘ಸಾಕ್ರಿ’ ಎಂಬುದರ ಬದಲು, ಅದೇ ಅರ್ಥದ ಮರಾಠಿ ಪದವಾದ ‘ಪುರೇ’ ಎಂಬುದನ್ನು ದಿನಕ್ಕೆ ಮೂರು ಬಾರಿ, ಹದಿನೈದು ದಿನ, ಊಟದ ಜೊತೆ ಹೇಳತಕ್ಕದ್ದು.”

ಮನೆಯಲ್ಲಿ ಅಪ್ಪಾಸಾಹೇಬರ ಹೆಂಡತಿ ಸಾವಂತ್ರವ್ವ ಬಡಿಸಲು ಬಂದರು.

“ಇನ್ನೊಂದು ರೊಟ್ಟಿ ಹಾಕ್ಲೇನ್ರಿ?”

“ಪುರೇ.”

“ಪೂರಿ ಎಲ್ಲಿಂದ ತರ್ಲಿ? ರೊಟ್ಟಿ ಅದ, ಸುಮ್ನ ತಿನ್ರಿ.”

“ಔಷಧಾ ತಗೊಳಾಕತ್ತೀನಿ. ನಡಬರಕ ಬಾಯಿ ಹಾಕಬ್ಯಾಡ.”

ಹದಿನಾರನೇ ದಿನ ಸೂಜಿ ಹೊಕ್ಕಾಗ ಅಪ್ಪಾಸಾಹೇಬ ಹಲ್ಲು ಕಚ್ಚಿ “ಪುರೇ” ಎಂದರು. ವರದಿ: ಗುಣಮುಖ. ರಕ್ತವೂ ತನ್ನ ಭಿನ್ನಾಭಿಪ್ರಾಯವನ್ನು ಹಿಂಪಡೆದಿತ್ತು. ಮಾತ್ರೆಯಿಲ್ಲದೆ ಹದಿನೈದು ದಿನದಲ್ಲಿ ಸಕ್ಕರೆ ಕಾಯಿಲೆ ಗುಣಪಡಿಸಿದ್ದಕ್ಕೆ ಮಂಡಳಿಯು ಮಂಡಳಿಗೆ ಶಾಲು ಹೊದಿಸಿತು. ಅಪ್ಪಾಸಾಹೇಬ ಪ್ರಮಾಣಪತ್ರ ಹಿಡಿದು ಭಟ್ಟಿಗೆ ಮರಳಿದರು.

ಆ ಪ್ರಮಾಣಪತ್ರ ಕಾರ್ಖಾನೆಯ ಮಾಲೀಕರಿಗೆ ಭಾರಿ ಮೆಚ್ಚಿಗೆಯಾಯಿತು. ನೋಟಿಸು ಹಚ್ಚಿಸಿದರು: “ರೋಗ ಬಂದು ಗುಣವಾದವರ ಆರೋಗ್ಯಕ್ಕೆ ದಾಖಲೆಯಿದೆ. ರೋಗವೇ ಬಾರದವರ ಆರೋಗ್ಯಕ್ಕೆ ಯಾವ ದಾಖಲೆಯೂ ಇಲ್ಲ. ಇನ್ನು ಮುಂದೆ ಭಟ್ಟಿಗೆ ಗುಣಮುಖರಿಗೆ ಮಾತ್ರ ಪ್ರವೇಶ.”

ಕನ್ನಡದವರಿಗೆ ತೊಂದರೆಯಾಗಲಿಲ್ಲ. ಸೂಜಿ ಚುಚ್ಚಿದೊಡನೆ ಕಾಯಿಲೆ ಬಿದ್ದರು. ಹದಿನೈದು ದಿನಕ್ಕೆ ಗುಣವಾದರು. ಕಷ್ಟಕ್ಕೆ ಸಿಕ್ಕಿದವರು ಫೋರ್‌ಮನ್ ಜಗದಾಳೆ. ಮನೆಮಾತು ಮರಾಠಿ. ‘ಸಾಖರ’ ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಸೂಜಿ ತಾಗಿದರೆ ಬಾಯಿಗೆ ಬರುತ್ತಿದ್ದುದು “ಪುರೇ, ಪುರೇ!” ಮೂರು ಸಲ ಹೋದರು. ಮೂರು ಸಲವೂ ರೋಗವಿಲ್ಲ ಎಂದು ಬಂತು. ರೋಗವಿಲ್ಲದವರನ್ನು ಗುಣಪಡಿಸುವ ವಿಧಾನ ಮಂಡಳಿಯಲ್ಲಿ ಇಲ್ಲ.

ಕಾರ್ಖಾನೆ ನಿರ್ದಯವಾಗಿ ನಡೆದುಕೊಳ್ಳಲಿಲ್ಲ. ಆರೋಗ್ಯದ ಕಾರಣ ಜಗದಾಳೆಯವರಿಗೆ ರಜೆ ಮಂಜೂರಾಯಿತು.

ಭಾನುವಾರ ಅಪ್ಪಾಸಾಹೇಬ ಒಂದು ಡಜನ್ ಬಾಳೆಹಣ್ಣು ಹಿಡಿದು ನೋಡಲು ಹೋದರು. ಜಗದಾಳೆ ಆಗಷ್ಟೇ ವ್ಯಾಯಾಮ ಮುಗಿಸಿ, ಕೆಂಪಗೆ, ಗಟ್ಟಿಮುಟ್ಟಾಗಿ ಕೂತಿದ್ದರು. ಅಪ್ಪಾಸಾಹೇಬರಿಗೆ ನೋಡಲಾಗಲಿಲ್ಲ. ಕೈ ಹಿಡಿದುಕೊಂಡು, ಇಬ್ಬರಿಗೂ ಬರುವ ಅರೆ ಮರಾಠಿ ಅರೆ ಕನ್ನಡದಲ್ಲಿ ಧೈರ್ಯ ಹೇಳಿದರು.

“ಕಾಳಜಿ ಮಾಡಬ್ಯಾಡ್ರಿ ಸಾಹೇಬ್ರ. ಲಗೂನ ಹುಷಾರ ತಪ್ಪತೀರಿ.”