ಐವತ್ತೈದು ಇಂಚಿನೊಳಗೆ ಬಂದ ಯಜಮಾನ್ರು

ಬೇರೆಯವರ ಮನೇಲಿ ನಡೆಯೋದನ್ನ ನಾನು ಹೇಳ್ತೀನಿ, ನಮ್ಮ ಮನೇಲಿ ನಡೆಯೋದನ್ನ ಬೆಂಗಳೂರಿನ ಈ ನಮ್ಮ ಹೂಡಿ ಊರೆಲ್ಲ ಹೇಳುತ್ತೆ. ಮದುವೆಯಾಗಿ ಈ ಬೀದಿಗೆ ಬಂದಾಗಿಂದ ಇದು ಹೀಗೇ ನಡ್ಕೊಂಡು ಬಂದಿದೆ. ಆದ್ರೆ ಟೀವಿ ವಿಷಯದಲ್ಲಿ ಜನ ಅರ್ಧಂಬರ್ಧ ಹೇಳ್ಕೊಂಡು ತಿರುಗ್ತಿದಾರೆ. ಅರ್ಧ ಸುದ್ದಿ ಕಂಡ್ರೆ ನಂಗಾಗಲ್ಲ, ಅದಕ್ಕೇ ಪೂರ್ತಿ ಬರೀತಿದೀನಿ. ನಂದು ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ರೆ ನುಂಗ್ಕೊಳ್ಳಿ.

೧. ಪೂಜೆ

ಮಗ ಆನ್‌ಲೈನಲ್ಲಿ ತರಿಸಿದ ಟೀವಿ ಅದು. ಐವತ್ತೈದು ಇಂಚು. ಅಗ್ಗದ್ದು, ಕಂಪನಿ ಹೆಸರು ಯಾರೂ ಕೇಳಿರಲಿಲ್ಲ. "ಹತ್ತು ದಿನ ನೋಡೋದು ಕಣಮ್ಮ, ಹಿಡಿಸ್ಲಿಲ್ಲ ಅಂದ್ರೆ ವಾಪಸ್ ತಗೊಂಡು ಹೋಗ್ತಾರೆ" ಅಂದ. ಸೊಸೆ ತರುವಾಗಲೂ ಹಿಂಗೊಂದು ಅನುಕೂಲ ಇದ್ದಿದ್ರೆ ಅಂತ ಬಾಯಿ ತುದಿಗೆ ಬಂತು, ತಡ್ಕೊಂಡೆ.

ಗೋಡೆಗೆ ಹಾಕಿದ ಮೇಲೆ ನೋಡಿದೆ, ಎದೆ ಚುರ್ ಅಂತು. ನಮ್ಮ ಯಜಮಾನ್ರು ಕೊನೆ ವರ್ಷ "ಕಣ್ಣು ಮಂಜು ಕಣೇ, ಒಂದು ದೊಡ್ಡ ಟೀವಿ ಹಾಕ್ಸೇ" ಅಂತ ದುಂಬಾಲು ಬಿದ್ದಿದ್ರು. "ಕಣ್ಣೇ ಕಾಣ್ದೋರಿಗೆ ಟೀವಿ ಯಾಕೆ, ರೇಡಿಯೋ ಹಾಕ್ಕೊಂಡು ಬಿದ್ಕೊಳ್ಳಿ" ಅಂದಿದ್ದೆ. ಬಿದ್ಕೊಂಡ್ರು. ಆಮೇಲೆ ಏಳಲೇ ಇಲ್ಲ.

ಮನೆಗೆ ಹೊಸದು ಏನು ಬಂದ್ರೂ ಅರಿಶಿನ ಕುಂಕುಮ ಇಡೋದು ನಮ್ಮ ಪದ್ಧತಿ. ಟೀವಿಗೆ ಹಣೆ ಎಲ್ಲಿ ಅಂತ ಹುಡುಕಿ, ಕೆಳಗೆ ನಡುಮಧ್ಯ ಒಂದು ಹೊಳೆಯೋ ಚುಕ್ಕಿ ಕಾಣ್ತು, ಅಲ್ಲೇ ಒದ್ದೆ ಕುಂಕುಮ ದಪ್ಪಗೆ ಮೆತ್ತಿದೆ. ಅಲ್ಲಿಂದ ರಿಮೋಟು ಸತ್ತೋಯ್ತು. ಮಗ ಕಂಪನಿಗೆ ಫೋನ್ ಮಾಡಿ ಒಂದು ಗಂಟೆ ಕಿರುಚಾಡಿದ. "ಸಾರ್, ಟೀವಿ ಮುಂದೆ ಏನಾದ್ರೂ ಅಡ್ಡ ಇದೆಯಾ?" ಅಂತ ಆ ಕಡೆ ಹುಡುಗಿ ಕೇಳ್ತಿದ್ಲು. "ಏನೂ ಇಲ್ಲ, ನಮ್ಮಮ್ಮ ಒಬ್ರು ನಿಂತಿದಾರೆ" ಅಂದ. ಕೊನೆಗೆ ಸೊಸೆ ಬಂದು ಸೆರಗಿನ ತುದೀಲಿ ಒರೆಸಿದ್ಲು. ಹಣೆ ಅಂತ ನಾನಿಟ್ಟಿದ್ದು ಅದರ ಕಣ್ಣಿಗಂತೆ.

೨. ಬೀನ್ಸ್ ಬಿಡಿಸುವಾಗ

ಮೂರನೇ ದಿನ ಮಧ್ಯಾಹ್ನ. ನಮ್ಮ ಕಡೆ ಆ ಹೊತ್ತು ಸುಡುಗಾಡಿನಂಗೆ ಇರುತ್ತೆ. ಬಾಡಿಗೆ ಮನೆಯವರೆಲ್ಲ ಆಫೀಸಲ್ಲಿ, ಬೀದೀಲಿ ನಾಯಿ ಕೂಡ ಬೊಗಳಲ್ಲ. ನಾನು ಉಂಡು ರೂಮಿಗೆ ಹೋಗಿ ಅಗುಳಿ ಹಾಕಿದ್ದೆ. ಸೊಸೆ ಹಾಲಲ್ಲಿ ಕೂತು ಬೀನ್ಸ್ ಬಿಡಿಸ್ತಿದ್ಲು. ಟೀವಿ ಆರಿತ್ತು. ಆರಿದಾಗ ಅದು ಹಾಳುಬಾವಿ ಇದ್ದಂಗೆ. ದಿಟ್ಟಿಸಿದ್ರೆ ಒಳಗೆ ಇನ್ನೊಂದು ಹಾಲ್, ಅದರಲ್ಲಿ ಇನ್ನೊಬ್ಬಳು ಕೂತಿರ್ತಾಳೆ.

ಇದ್ದಕ್ಕಿದ್ದಂಗೆ ಬಾವಿ ಬೆಳಗ್ತಂತೆ. ಒಳಗೆ ಅವಳ ಮಾವ! ಬನಿಯನ್ನು, ತಲೆಗೆ ಟವಲ್ಲು, ಸುತ್ತ ಹಸಿರು. ಬಗ್ಗಿ ಬಗ್ಗಿ ಹತ್ರ ಬಂದು, ಇವಳ ಕಣ್ಣಲ್ಲಿ ಕಣ್ಣಿಟ್ಟು, "ನೋಡು, ಎದೆ ಮಟ್ಟ ಬಂದೈತೆ" ಅಂದ್ರಂತೆ.

ಅವಳು ಕೂಗಿದ ಕೂಗಿಗೆ ನಾನು ಅಗುಳಿ ತೆಗೆದು ಓಡಿಬಂದೆ. ಟೀವಿ ಕಪ್ಪಗಿತ್ತು.

"ಅತ್ತೆ, ಮಾವ!"

"ಎಲ್ಲೇ?"

"ಅದ್ರೊಳಗೆ. ಏನೋ ಎದೆ ಮಟ್ಟ ಬಂದಿದೆ ಅಂದ್ರು."

ಮೈಯೆಲ್ಲ ಮುಳ್ಳೆದ್ದಿತ್ತು. ಆದ್ರೂ ಸೊಸೆ ಮುಂದೆ ತೋರ್ಸೋಕಾಗುತ್ತಾ? "ಮೊದ್ಲು ಚೆಲ್ಲಿರೋ ಬೀನ್ಸ್ ಆರಿಸು, ಮಾವನ್ನ ಆಮೇಲೆ ನೋಡಾಣ" ಅಂದೆ.

೩. ನಂಗೊಬ್ಬಳಿಗೆ ಕಾಣಲ್ಲ

ಮೇಲಿನ ಮನೆ ಬಾಡಿಗೇಲಿ ದಾವಣಗೆರೆ ಕಡೆ ಹೆಂಗಸು ಇದಾಳೆ. ತಾನೂ ಇಂಥದ್ದೇ ಟೀವಿ ತಗೋಬೇಕು ಅಂತ ಮಾರನೇ ದಿನ ಮಧ್ಯಾಹ್ನ ಪರೀಕ್ಷೆ ಮಾಡೋಕೆ ಬಂದ್ಲು. ಸೊಸೆ ಒಂದು ಹಾಡು ಹಾಕಿದ್ಲು. "ಬಣ್ಣ ಚಲೋ ಐತ್ರಿ. ಸೌಂಡ್ ಮಾತ್ರ ಡಬ್ಬಿ ಒಳಗಿಂದ ಬಂದಂಗ ಆಕ್ಕೈತಿ" ಅಂತ ಅವಳು ಹೇಳ್ತಿದ್ದಂಗೇ ಹಾಡು ನಿಂತು, ಅದೇ ಡಬ್ಬಿ ಒಳಗಿಂದ ನಮ್ಮ ಯಜಮಾನ್ರು ಕೆಮ್ಮಿದ್ರಂತೆ. ಒಂದು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ್ಲು. ಸಂಜೆ ವಿಭೂತಿ ಗಟ್ಟಿ ಕಳಿಸಿದ್ಲು, ಚಪ್ಪಲಿಗೆ ಮಾತ್ರ ಬರಲಿಲ್ಲ.

ಪಕ್ಕದ ಮನೆ ಗೌಡ್ತಿ ಹೆದರೋ ಪೈಕಿ ಅಲ್ಲ. ದಿನಾ ಹೊಸ ಸೀರೆ ಉಟ್ಕೊಂಡು, ಹೂ ಮುಡ್ಕೊಂಡು ಬಂದು ಟೀವಿ ಮುಂದೆ ಕೂರೋಳು. ಅವಳಿಗೂ ಕಂಡ್ರು. "ಪಾಪ, ಆಸೆ ತೀರಿಲ್ಲ ಕಣಕ್ಕ, ಟೀವಿ ಕೇಳಿದ್ರಲ್ಲ, ನೀನು ಕೊಡಿಸ್ಲಿಲ್ಲ" ಅಂತ ನನ್ನೆದುರೇ ಕಣ್ಣೊರೆಸಿಕೊಂಡ್ಲು.

ಎಲ್ರಿಗೂ ಕಂಡ್ರು, ನಂಗೊಬ್ಬಳಿಗೆ ಇಲ್ಲ. ಕೂಗು ಕೇಳಿ ನಾನು ಬರೋ ಅಷ್ಟರಲ್ಲಿ ಕಪ್ಪು. ಒಂದು ದಿನ ಹಟ ಹಿಡಿದು, ನಿದ್ದೆ ಬಿಟ್ಟು, ಊಟದಿಂದ ಕಾಫಿ ತನಕ ಟೀವಿ ಮುಂದೆ ಕೂತೆ. ಬರಲಿಲ್ಲ. ಮಾರನೇ ದಿನ ರೂಮಿಗೆ ಹೋದೆ, ಬಂದ್ರು! ಬದುಕಿದ್ದಾಗಲೂ ಹಂಗೇ, ನಾನು ಜಗಲಿಗೆ ಬಂದ್ರೆ ಎದ್ದು ಹೋಗೋರು. ಯಾರೂ ಇಲ್ಲದಾಗ ಆ ಕಪ್ಪಿಗೆ ಮುಖ ಇಟ್ಟು, "ತಪ್ಪಾಯ್ತು ಕಣ್ರೀ, ಒಂದ್ಸಲ ಬನ್ನಿ" ಅಂದೆ. ಒಳಗಿದ್ದ ಮುದುಕಿಯೂ ಅದನ್ನೇ ಅಂದ್ಲು.

ಮಗ ರೇಗಿದ. "ನೀನು ಬೀದಿಯೆಲ್ಲ ಸಾರಿ ಬಂದಿದೀಯ. ಇದನ್ನ ವಾಪಸ್ ಕಳಿಸ್ತೀನಿ" ಅಂದ.

"ಕಳ್ಸು, ಆದ್ರೆ ಹೋಗೋದ್ರೊಳಗೆ ನಾನೊಂದ್ಸಲ ನೋಡ್ಬೇಕು" ಅಂದೆ. ಉಳಿದಿದ್ದು ಒಂದೇ ದಿನ.

೪. ಹತ್ತನೇ ದಿನ

ಕಂಪನಿಯವನು ಒಂದು ಹಾಳೆ ಹಿಡ್ಕೊಂಡು ಬಂದ. ಮನೆಮಂದಿ, ಮೇಲಿನವಳು, ಗೌಡ್ತಿ, ಎಲ್ಲ ಸೇರಿದ್ವಿ.

"ಏನು ತೊಂದ್ರೆ ಸಾರ್?"

"ಅದಷ್ಟಕ್ಕದೇ ಆನ್ ಆಗುತ್ತೆ" ಅಂದ ಮಗ.

"ಆನ್ ಆಗಿ ಏನು ಬರುತ್ತೆ?"

ಸೊಸೆ ಮೆಲ್ಲಗೆ, "ನಮ್ಮ ಮಾವ ಬರ್ತಾರೆ. ತೀರ್ಕೊಂಡು ಎರಡು ವರ್ಷ ಆಯ್ತು" ಅಂದ್ಲು.

ಅವನು ಹಾಳೆಯನ್ನ ಮೇಲಿಂದ ಕೆಳಗೆ ನೋಡಿದ. "ಇದಕ್ಕೆ ಇಲ್ಲಿ ಕಾಲಂ ಇಲ್ಲ ಮೇಡಂ" ಅಂದು, ರಿಮೋಟ್ ತಗೊಂಡು ಎಲ್ಲೆಲ್ಲೋ ಒತ್ತಿದ. "ನೋಡಿ, ಟೀವಿಗೆ ಬಂದು ಹೋಗಿರೋ ಫೋನುಗಳು ಇಲ್ಲಿರುತ್ವೆ. ಒಂದು ನಿಮ್ದು, ಒಂದು ಮೇಡಂದು. ಮೂರನೇದಕ್ಕೆ 'ಅಪ್ಪ' ಅಂತ ಹೆಸರಿದೆ. ನಿನ್ನೆ ಮಧ್ಯಾಹ್ನ ಬಂದಿದೆ."

ಮಗ ಟೀವಿ ಹತ್ರ ಹೋಗಿ ಎರಡೆರಡು ಸಲ ಓದಿದ. "ಆ ಹೆಸರು ಹಾಕ್ಕೊಟ್ಟಿದ್ದು ನಾನೇ. ಆ ಫೋನು ಅಪ್ಪನ ಜೊತೆ ಮಣ್ಣಲ್ಲಿದೆ. ಎಲೆ ಅಡಿಕೆ ಜೊತೆ ಅಮ್ಮನೇ ಗುಂಡಿಗೆ ಹಾಕಿದ್ಲು."

ಗೌಡ್ತಿ ಕೂತಲ್ಲೇ ಕುಸಿದ್ಲು. ಕಂಪನಿಯವನು ಟೀವಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಕೊರಳಿನ ತಾಯಿತ ಕಣ್ಣಿಗೊತ್ತಿಕೊಂಡ. "ಗುಂಡಿ ಎಷ್ಟು ದೂರ ಇದೆ ಸಾರ್? ವೈಫೈ ಅಲ್ಲಿಗಂಟ ಹೋಗಲ್ಲ..."

ನನ್ನ ಕೈ ತಾನಾಗೇ ಸೊಂಟಕ್ಕೆ ಹೋಯ್ತು. ಅಲ್ಲೇ ಸಿಕ್ಕಿಸಿಕೊಂಡಿದ್ದೆ.

"ಹಾಕ್ಲಿಲ್ಲ ಕಣ್ರೋ. ಎಲೆ ಅಡಿಕೆ ಹಾಕ್ದೆ, ಇದನ್ನ ಹಾಕೋಕೆ ಮನಸ್ಸು ಬರಲಿಲ್ಲ" ಅಂತ ಫೋನ್ ತೆಗೆದಿಟ್ಟೆ.

ಎರಡು ವರ್ಷದಿಂದ ದಿನಾ ಮಧ್ಯಾಹ್ನ ಅಗುಳಿ ಹಾಕ್ಕೊಂಡು ನಾನು ನೋಡೋದು ಅದನ್ನೇ. ಅಪಾರ್ಟ್‌ಮೆಂಟ್ ಕಟ್ಟೋಕೆ ಹೊಲ ಕೊಟ್ಟ ಮೇಲೆ ಅದರ ಹಿಂದೆ ನಮಗೆ ಉಳಿದಿದ್ದ ತುಂಡು ಜಾಗದಲ್ಲಿ ಅವರು ಎದೆ ಮಟ್ಟ ದಂಟಿನ ಸೊಪ್ಪು ಬೆಳೆದು, ತಾವೇ ತೆಗೆದುಕೊಂಡ ವಿಡಿಯೋಗಳು. ಟೀವಿ ಬಂದ ಮೇಲೆ ಫೋನಿನ ಮೂಲೇಲಿ ಹೊಸದೊಂದು ಗುರುತು ಕಾಣಿಸಿಕೊಂಡಿತ್ತು. ಅದನ್ನ ಒತ್ತಿದ್ರೇನೇ ವಿಡಿಯೋ ಓಡೋದು ಅಂದ್ಕೊಂಡಿದ್ದೆ. ಒತ್ತಿದ್ರೆ ಅವರ ದನಿ ಹೋಗಿಬಿಡೋದು, ಬಾಯಿ ಮಾತ್ರ ಆಡೋದು. ಫೋನ್ ಹಳೇದಾಯ್ತು ಅಂತ ಸುಮ್ಮನಿದ್ದೆ. ದನಿ ಹೋಗಿ ಹಾಲಿನ ಟೀವೀಲಿ ಕೂತಿತ್ತು! ಕೂಗು ಕೇಳಿದ ತಕ್ಷಣ ಫೋನ್ ಆರಿಸಿ, ಬಚ್ಚಿಟ್ಟು, ಹೊರಗೆ ಓಡಿಬಂದು, ದೆವ್ವ ಎಲ್ಲಿ ಅಂತ ಕೇಳ್ತಿದ್ದೆ.

ಕಂಪನಿಯವನಿಗೆ ಜೀವ ಬಂತು. "ಅಮ್ಮ, ಇಲ್ಲೇ ಕೂತು ಒಂದ್ಸಲ ಹಾಕಿ."

ಹಾಕಿದೆ. ಬಂದ್ರು ಕಣ್ರೀ! ಆಳೆತ್ತರ. ಗದ್ದದ ಬಿಳಿ ಕೂದಲು ಎಣಿಸಬಹುದಿತ್ತು. ಕಣ್ಣು ತುಂಬಿ ಸೆರಗು ಬಾಯಿಗಿಟ್ಟೆ. ಅಂಗೈಯಗಲದ ಫೋನಲ್ಲಿ ಇದನ್ನ ಯಾವತ್ತೂ ಕೊನೆ ಮುಟ್ಟ ನೋಡಿರಲಿಲ್ಲ, ನಡುವೆ ನಿದ್ದೆ ಬಂದ್ಬಿಡೋದು. ಇವತ್ತು ನೋಡಿದೆ. ಸೊಪ್ಪು ತೋರಿಸಿ ಮುಗಿಸಿ, ಫೋನನ್ನ ಕಲ್ಲಿಗೆ ಒರಗಿಸಿ, ಆರಿಸೋದು ಮರೆತು, ನುಗ್ಗೆ ಮರದ ಕೆಳಗೆ ಕೂತ್ರು. ಪಕ್ಕದಿಂದ ಒಂದು ಸ್ಟೀಲ್ ಡಬ್ಬಿ ಬಂತು. ಅದರ ಹಿಂದೆ ಹಸಿರು ಬಳೆ ಕೈ. ಸಕ್ಕರೆ ಕಾಯಿಲೆ ಅಂತ ನಾನು ಉಪ್ಪಿಲ್ಲ ಹುಳಿಯಿಲ್ಲ ಅಂಬಲಿ ಕುಡಿಸ್ತಿದ್ದ ಮನುಷ್ಯ, ಇಷ್ಟಗಲ ಬಾಯಿ ತೆರೆದು, ತುಪ್ಪ ಸುರಿಯೋ ಒಬ್ಬಟ್ಟು ತಿನ್ನಿಸಿಕೊಳ್ತಿದ್ರು. ಬಳೆ ಕೈಯವಳು ಬಗ್ಗಿ ಅವರ ಗದ್ದ ಒರೆಸಿದ್ಲು. ಮುಖ ಪರದೆ ತುಂಬ ಬಂತು.

ಪಕ್ಕದ ಮನೆ ಗೌಡ್ತಿ.

ಹಾಲಲ್ಲಿ ಕೂತಿದ್ದ ಗೌಡ್ತಿ ಮೆಲ್ಲಗೆ ಎದ್ಲು. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಅಕ್ಕ..."

"ಕೂತ್ಕೊಳೇ ತಾಯಿ. ಉಕ್ಕಿದ್ರೆ ಉಕ್ಲಿ" ಅಂದೆ.

ಕಂಪನಿಯವನಿಗೆ ಇದೊಂದೂ ಗೊತ್ತಾಗಲಿಲ್ಲ. ಪೆನ್ನು ತೆಗೆದು, "ಅಮ್ಮ, ಚಿತ್ರ ಕ್ಲಿಯರ್ ಆಗಿದೆಯಾ? ವಾಪಸ್ ಅಂತ ಬರ್ಕೊಳ್ಲಾ?" ಅಂದ.

"ಮೂಲೆಮೂಲೆಯೂ ಕ್ಲಿಯರಾಗಿ ಐತೆ ಅಂತ ಬರ್ಕೊಳಪ್ಪ" ಅಂದೆ. "ಇದು ಈ ಗೋಡೆ ಬಿಟ್ಟು ಎಲ್ಲೂ ಹೋಗಲ್ಲ. ಆ ಫೋನಲ್ಲಿ ಇನ್ನೂ ನಲವತ್ತು ವಿಡಿಯೋ ಐತೆ."