ರಾಗಿಣಿ ಬಿಡೋದು ಕನ್ನಡಕ, ಕನ್ನಡ ಅಲ್ಲ

ಕನ್ನಡ ಬಳಗ, ರೈಲ್ವೆ ಕ್ವಾರ್ಟರ್ಸ್, ನಾಗಪುರ
(ಕಚೇರಿ: ಅಧ್ಯಕ್ಷರ ಮನೆ ವರಾಂಡಾ)

ಸಂಖ್ಯೆ: ಕಬ/ಕಣ್ಣು/ಗದ್ದಲ/2006
ದಿನಾಂಕ: 17-10-2006, ಮಂಗಳವಾರ

ವಿಷಯ: “ಏನ್ರೀ, ಕೇಳಿದ್ರೇನು, ಗೋವಿಂದರಾಯರ ಮಗಳು ರಾಗಿಣಿ ಕನ್ನಡ ಬಿಡ್ತಾಳಂತ” ಎಂಬ ಸುದ್ದಿ ಹಾಗೂ ತತ್ಸಂಬಂಧ ನಡೆದ ಅನಾಹುತದ ಬಗ್ಗೆ.

ಉಲ್ಲೇಖ: ಕುಮಾರಿ ರಾಗಿಣಿ (ಬಿ.ಎಸ್ಸಿ. ಎರಡನೇ ವರ್ಷ) ಅವರು ಬಳಗದ ಕಾರ್ಯದರ್ಶಿ ಶ್ರೀಮತಿ ವನಜಾಕ್ಷಿ ಅವರಿಗೆ ಕಳುಹಿಸಿದ ಎಸ್ಸೆಮ್ಮೆಸ್.

1. ಹುಟ್ಟಿದಾಗಿನಿಂದ ‘ಚಷ್ಮಾ’ ಅಂತಲೇ ಅನ್ನುತ್ತಾ ಬಂದ ಸದರಿ ರಾಗಿಣಿಗೆ, ವನಜಾಕ್ಷಿ ಆಂಟಿ ಮುಂದೆ ಶುದ್ಧ ಕನ್ನಡ ತೋರಿಸಬೇಕೆಂಬ ಹುಕಿ ಬಂದು, ‘ನಾ ಕನ್ನಡಕ ಬಿಡ್ತೀನಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಲಾಗಿ, ನಡುವೆ ಒಂದು ಸ್ಪೇಸ್ ಬಿದ್ದಿರುತ್ತದೆ. ‘ಕನ್ನಡ’ ಒಂದು ಕಡೆ, ‘ಕ’ ಒಂದು ಕಡೆ ಆಗಿರುತ್ತದೆ. ಆ ಒಂಟಿ ‘ಕ’ವನ್ನು (ಇಂಗ್ಲಿಷಿನ ‘k’) ವನಜಾಕ್ಷಿಯವರು ‘ಓಕೆ’ ಎಂದು ಓದಿಕೊಂಡಿರುತ್ತಾರೆ.

2. ಇದರ ಪರಿಣಾಮವಾಗಿ ರಾಜ್ಯೋತ್ಸವದ ಸ್ವಾಗತ ಗೀತೆಯಿಂದ ರಾಗಿಣಿಯನ್ನು ತೆಗೆಯಲಾಗಿದ್ದು, ಈ ಮೂಲಕ ವಾಪಸ್ ಸೇರಿಸಲಾಗಿದೆ. ಅಕಿ ಹಾಡಲ್ಲ, ಬರೀ ಬಾಯಿ ಆಡಸ್ತಾಳ ಎಂಬ ಆಕ್ಷೇಪಣೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.

3. ಖರೇ ಸಂಗತಿ ಏನೆಂದರೆ, ರಾಗಿಣಿ ಕಾಲೇಜಿನ ಕಬಡ್ಡಿ ಟೀಮಿನಲ್ಲಿದ್ದು, ಕಣ್ಣಿನ ನಂಬರು ಮೈನಸ್ ಐದು ಇರುತ್ತದೆ. ಚಷ್ಮಾ ಹಾಕಿ ಆಡಲು ಬಿಡುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಧೂಳು ಹೊಕ್ಕು ಕಣ್ಣು ಟೊಮೆಟೊ ಆಗುತ್ತದೆ. ಎರಡೂ ಇಲ್ಲದೆ ಹೋದ ವಾರ ರೇಡ್ ಹೋದವಳು ಅಂಪೈರನ್ನು ಮುಟ್ಟಿ, ಗೆದ್ದೆನೆಂದು ಓಡಿ ಬಂದಿರುತ್ತಾಳೆ. ಮುಂದಿನ ಟೂರ್ನಮೆಂಟಿಗೆ ಕಣ್ಣು ಸುಧಾರಿಸದಿದ್ದರೆ ಟೀಮಿನಿಂದ ಕೈಬಿಡಲಾಗುವುದೆಂದು ಕ್ಯಾಪ್ಟನ್ ಮರಾಠಿಯಲ್ಲಿ ತಿಳಿಸಿರುತ್ತಾಳೆ.

4. ಚಷ್ಮಾ ಬಿಡಲು ರಾಗಿಣಿ ಮಾಡಿಸಬೇಕೆಂದಿರುವ ಕಣ್ಣಿನ ಆಪರೇಷನ್ನಿನ ವಿಧಾನಗಳ ಬಗ್ಗೆ ಬಳಗವು ಚಹಾದೊಂದಿಗೆ ಸುದೀರ್ಘ ಚರ್ಚೆ ನಡೆಸಿ, ಕೆಳಗಿನಂತೆ ತೀರ್ಮಾನಿಸಿದೆ:

(ಅ) ಕಣ್ಣಿನ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ, ಒಳಗೆ ಲೇಸರ್ ಹೊಡೆದು, ಮುಚ್ಚಳ ಮತ್ತೆ ಮುಚ್ಚುವ ಲ್ಯಾಸಿಕ್. ಜಲ್ದಿ ಗುಣವಾಗುತ್ತದೆ. ಆದರೆ ಕಬಡ್ಡಿಯಲ್ಲಿ ಯಾರದಾದರೂ ಮೊಣಕೈ ಬಡಿದರೆ ಮುಚ್ಚಳ ಸರಿಯಬಹುದೆಂದು ಡಾಕ್ಟರರು ಹೇಳಿದ್ದು, ಎದುರಾಳಿ ಟೀಮಿಗೆ ‘ಹಗೂರ ಹಿಡೀರಿ’ ಎಂದು ಪತ್ರ ಬರೆಯುವ ಅಧ್ಯಕ್ಷರ ಸಲಹೆಯನ್ನು ಕೈಬಿಡಲಾಗಿದೆ.

(ಆ) ಮುಚ್ಚಳವಿಲ್ಲದೆ, ಮೇಲಿನ ತೆಳು ಸಿಪ್ಪೆಯನ್ನಷ್ಟೇ ಸವರಿ ಲೇಸರ್ ಹೊಡೆಯುವುದು. ಕೆಲವು ದಿನ ಉರಿ, ನೀರು. ನೋಟ ತಿಳಿಯಾಗಲು ತಡ. ಆದರೆ ಸರಿಯಲಿಕ್ಕೆ ಮುಚ್ಚಳವೇ ಇಲ್ಲ. ಬಳಗದ ಒಲವು ಇದರ ಕಡೆಗಿದೆ. ಉರಿಯ ಅವಧಿಯಲ್ಲಿ ರಾಗಿಣಿ ಅತ್ತರೆ ಅದನ್ನು ಅಳುವೆಂದು ಪರಿಗಣಿಸತಕ್ಕದ್ದಲ್ಲ.

(ಇ) ಕಣ್ಣೊಳಗೇ ಪುಟ್ಟ ಲೆನ್ಸ್ ಕೂಡಿಸುವುದು. ಬಹಳ ದೊಡ್ಡ ನಂಬರಿನವರಿಗೆ. ಈ ಬಗ್ಗೆ ವನಜಾಕ್ಷಿಯವರು “ತೊಳೀಲಿಕ್ಕೆ ದಿನಾ ಹೆಂಗ ತಗೀತಾರ?” ಎಂದು ಕೇಳಿದ್ದು, ತೆಗೆಯುವುದಿಲ್ಲವೆಂದು ತಿಳಿಸಲಾಗಿದ್ದು, ಅವರಿಗೆ ಸಮಾಧಾನವಾಗಿರುವುದಿಲ್ಲ.

5. ಮೇಲಿನ ಯಾವುದಕ್ಕೂ ಮುನ್ನ ಕಣ್ಣಿನ ಪದರದ ದಪ್ಪ ಅಳೆಯತಕ್ಕದ್ದು. ಅಳತೆ ಬರೋಬರ್ ಬರಲೆಂದು ರಾಗಿಣಿ ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು, ಚಷ್ಮಾದಲ್ಲೇ ಓಡಾಡುತ್ತಿದ್ದಾಳೆ. ಅವಳನ್ನು ಕಂಡು “ಬಿಡ್ತೀನಿ ಅಂದಾಕಿ ಹಾಕ್ಕೊಂಡೇ ಅದಾಳಲ್ಲ” ಎಂದು ಚುಚ್ಚುವುದನ್ನು ನಿಷೇಧಿಸಲಾಗಿದೆ.

6. ಈ ಹಂತದಲ್ಲಿ, ಅಷ್ಟೊತ್ತು ಬಾಗಿಲ ಹತ್ತಿರ ಚಪ್ಪಲಿ ಸಹ ಬಿಡದೆ ನಿಂತಿದ್ದ ಗೋವಿಂದರಾಯರು ಹೀಗೆ ಹೇಳಿದ್ದು ನಮೂದಾಗಿದೆ: “ನಾ ಡ್ರೈವರ್ ಇದ್ದೆ. ಕಣ್ಣಿನ ಟೆಸ್ಟ್‌ನಾಗ ಫೇಲ್ ಮಾಡಿ ಎಂಜಿನ್‌ದಿಂದ ಇಳಿಸಿ ಆಫೀಸಿನಾಗ ಕೂಡಿಸಿದ್ರು. ಈಗೂ ಗಾಡಿ ಸೀಟಿ ಕೇಳಿದ್ರ ಊಟ ಸೇರೂದಿಲ್ಲ ನನಗ. ಇಕಿ ಕಾಣೂ ಕಣ್ಣಿಗೆ ಏನರ ಆದ್ರ ಯಾರಿಗೆ ಕೇಳ್ಲಿ?”

7. ಬಳಗದ ನಿಯಮಾವಳಿಯಲ್ಲಿ ಅವಕಾಶವಿಲ್ಲದಿದ್ದರೂ, ವನಜಾಕ್ಷಿಯವರು ಎದ್ದು ತಮ್ಮ ಕುರ್ಚಿಯನ್ನು ಗೋವಿಂದರಾಯರ ಕಡೆ ಸರಿಸಿದರು. ಅಧ್ಯಕ್ಷರು ಖಾಲಿ ಕಪ್ಪಿನಿಂದ ಚಹಾ ಕುಡಿದರು.

8. ತರುವಾಯ ರಾಗಿಣಿ ಎದ್ದು, “ಅಪ್ಪಾ, ನಿಮ್ಮನ್ನ ಇಳಿಸ್ಯಾರ ಖರೆ. ಆದ್ರ ನಾ ಇನ್ನೂ ಹತ್ತೇ ಇಲ್ಲಲ್ಲ. ಅಳತಿ ಒಂದು ಮಾಡಸೂಣು. ಡಾಕ್ಟರ್ ಬ್ಯಾಡ ಅಂದ್ರ ನೆಟ್ಟಗ ಮನಿಗೆ. ನೀವ ಮಗ್ಗಲಕ ಕೂತು ಎಲ್ಲಾ ಕೇಳ್ರಿ” ಎಂದಳು. ಇಷ್ಟು ಉದ್ದದ ಮಾತಿನಲ್ಲಿ ಒಂದೇ ಒಂದು ಹಿಂದಿ ಶಬ್ದ ಬಾರದಿರುವುದನ್ನು ಬಳಗವು ಗಮನಿಸಿದೆ.

9. ಗೋವಿಂದರಾಯರು ಚಪ್ಪಲಿ ಬಿಟ್ಟು ಒಳಗೆ ಬಂದು, “ಡಾಕ್ಟರು ಎಷ್ಟಕ್ಕ ಕರದಾರ?” ಎಂದು ಕೇಳಿದ್ದು, ಇದನ್ನು ಒಪ್ಪಿಗೆ ಎಂದು ಪರಿಗಣಿಸಲಾಗಿದೆ. ಅವರು ಹಾಗೆ ಪರಿಗಣಿಸಿಲ್ಲವೆಂದು ತಿಳಿಸಿದ್ದು, ಅದನ್ನು ಪರಿಗಣಿಸಲಾಗಿಲ್ಲ.

10. ಆದ್ದರಿಂದ ನಾಳೆ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಸೀತಾಬರ್ಡಿ ಪೇಟೆಯ ಕಣ್ಣಿನ ದವಾಖಾನೆಯಲ್ಲಿ ತಂದೆ, ಮಗಳು, ಡಾಕ್ಟರ್ ಈ ಮೂವರ ಭೇಟಿ ನಿಗದಿಯಾಗಿದೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಎಲ್ಲಾ ಮಸುಕಾಗುವುದರಿಂದ, ಬರುವಾಗ ರಾಗಿಣಿ ಸ್ಕೂಟರ್ ಓಡಿಸಲು ಹಟ ಮಾಡತಕ್ಕದ್ದಲ್ಲ. ಬಳಗದ ಬೇರೆ ಸದಸ್ಯರು ‘ಸುಮ್ನ ಬರ್ಡಿಗೆ ಬಂದಿದ್ವಿ’ ಎಂಬ ನೆಪದಲ್ಲಿ ದವಾಖಾನೆಯಲ್ಲಿ ಕಾಣಿಸಿಕೊಳ್ಳುವಂತಿಲ್ಲ.

ಸಹಿ/-
(ಉಮಾಕಾಂತ)
ಅಧ್ಯಕ್ಷರು
(ಓದದೆ ಸಹಿ ಮಾಡಲಾಗಿದೆ, ಚಷ್ಮಾ ಸಿಗಲಿಲ್ಲ)

ಪ್ರತಿಗಳು:
ಶ್ರೀಮತಿ ವನಜಾಕ್ಷಿ, ಕಾರ್ಯದರ್ಶಿ: ಮಾಹಿತಿಗಾಗಿ, ಯಾರಿಗೂ ಫಾರ್ವರ್ಡ್ ಮಾಡದಿರಲು.
ಕಬಡ್ಡಿ ಕ್ಯಾಪ್ಟನ್: ಮರಾಠಿಯಲ್ಲಿ, ಫೋನಿನ ಮೇಲೆ.
ಸದರಿ ಅಂಪೈರ್: ವಿಷಾದದೊಂದಿಗೆ.
ಕುಮಾರಿ ರಾಗಿಣಿ: ನಾಳೆ ಎಂಟೂವರೆಗೆ ಗೇಟಿನ ಹತ್ತಿರ ಹಾಜರಿರಲು. ತಡ ಆದ್ರ ಅಪ್ಪ ಕಾಯೂದಿಲ್ಲ ಅಂದಾರ. ಕಾಯ್ತಾರ.